ಬಾಕಿ ಬಿಟ್ಟ ನೂರು ರೂಪಾಯಿ

ಈಚೆಗೆ ನಾನು ಹೆಂಡತಿಯ ಬಲಕ್ಕೇ ಕೂತು ಚಹಾ ಕುಡಿಯುತ್ತೇನೆ. ಮೂವತ್ತೆಂಟು ವರ್ಷ ಜಾಗ ಸಿಕ್ಕಲ್ಲಿ ಕೂತವನು, ಈಗ ಕಡೆ ನೋಡಿ ಕೂಡಬೇಕಾಗಿದೆ. ವಿಮಲಾಳ ಬಲಗಿವಿಗೆ ಮಷೀನಿದೆ, ಎಡಗಿವಿಗಿಲ್ಲ. ಎಡಗಿವಿಯ ಮಷೀನನ್ನು ಬ್ಯಾಂಕಿನವರು ನುಂಗಿದರು ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗುತ್ತೇನೆ. ಬ್ಯಾಂಕಿನವರನ್ನು ಕೇಳಿದರೆ ಮಾಸ್ತರರ ತಪ್ಪು ಎನ್ನುತ್ತಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ ಎಂಬುದೇ ನನ್ನ ಸಂಕಟ.

ಸೇಡಂನಲ್ಲಿ ಕನ್ನಡ ಮಾಸ್ತರನಾಗಿ ನಿವೃತ್ತನಾದವನು ನಾನು. ಪಿಂಚಣಿ ತೆಗೆಯಲು ಹೋದ ಒಂದು ದಿನ ಬ್ಯಾಂಕಿನ ಹುಡುಗಿ ಕ್ರೆಡಿಟ್ ಕಾರ್ಡಿನ ಅರ್ಜಿ ಮುಂದಿಟ್ಟಳು. "ಸುಮ್ನ ತೊಗೊಂಡ್ ಇಡ್ರಿ ಸರ, ಅಡಚಣಿಗಿ ಆಗ್ತದ" ಎಂದಳು. ಇಷ್ಟು ಅಕ್ಕರೆಯಿಂದ ನನ್ನ ಅಡಚಣೆಯನ್ನು ಮುಂಗಡವಾಗಿ ವಿಚಾರಿಸಿದವರು ಬೇರೆ ಯಾರೂ ಇರಲಿಲ್ಲ. ಸಹಿ ಮಾಡಿದೆ. ಕಾರ್ಡು ಬಂತು, ಕಪಾಟಿನಲ್ಲಿ ಪಂಚಾಂಗದ ಪಕ್ಕ ಎರಡು ವರ್ಷ ಮಲಗಿತು.

ಅಷ್ಟರಲ್ಲಿ ವಿಮಲಾಳ ಕಿವಿ ಮಂದವಾಗುತ್ತ ಬಂದಿತ್ತು. ಮದುವೆ ಮುಂಜಿಗಳಲ್ಲಿ ಯಾರು ಏನೆಂದರೂ ನಕ್ಕು "ಹೌದ್ ಹೌದ್" ಎನ್ನುತ್ತಿದ್ದಳು. ಒಮ್ಮೆ ಗೆಳತಿಯೊಬ್ಬಳು ತನ್ನ ಅಣ್ಣ ತೀರಿದ ಸುದ್ದಿ ಹೇಳುತ್ತಿದ್ದಾಗಲೂ ಹಾಗೇ ನಕ್ಕಳು. ಆಮೇಲೆ ತಿಳಿದು, ಮನೆಗೆ ಬಂದು ಅತ್ತಳು. ಅಂದಿನಿಂದ ಯಾರ ಮನೆಗೂ ಹೋಗಲೊಲ್ಲಳು. ಕಲಬುರಗಿಯ ಡಾಕ್ಟರು ಎರಡೂ ಕಿವಿಗೆ ಮಷೀನು ಬೇಕೆಂದರು. ಒಂದಕ್ಕೆ ನಲವತ್ತು ಸಾವಿರ. ಒಂದಕ್ಕೆ ಸಾಕಾಗುವಷ್ಟು ಖಾತೆಯಲ್ಲಿತ್ತು, ಇನ್ನೊಂದಕ್ಕೆ ದಸರೆಯೊಳಗೆ ಕೂಡಿಸುವುದೆಂದು ಠರಾಯಿಸಿದೆ. "ತಡಾ ಮಾಡಬ್ಯಾಡ್ರಿ, ಕೇಳಲಾರದ ಕಿವಿ ದಿನಾ ಹೋದಂಗ ಕೇಳೋದನ್ನ ಮರೀತದ" ಎಂದು ಡಾಕ್ಟರು ಎಚ್ಚರಿಸಿದರು. ಕಾರ್ಡಿನಲ್ಲಿ ಕೊಟ್ಟರೆ ಒಂದೂವರೆ ತಿಂಗಳು ಬಡ್ಡಿಯಿಲ್ಲ ಎಂದ ಮಷೀನಿನ ಅಂಗಡಿಯವನು. ಪಂಚಾಂಗದ ನೆರೆಯಿಂದ ಎದ್ದ ಕಾರ್ಡು ಬಲಗಿವಿಯ ಮಷೀನಿಗಾಗಿ ಮೊದಲ ಸಲ ದುಡಿಯಿತು.

ಅದೇ ವಾರ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ತಿಂಗಳಿಗೆ ನೂರಕ್ಕೆ ಮೂರೂವರೆ ಇದ್ದ ಬಡ್ಡಿ ಇನ್ನು ಮೂರೂ ಮುಕ್ಕಾಲು. ಗುರುತಿಲ್ಲದವರ ನಿಧನವಾರ್ತೆ ಓದುವ ಹಾಗೆ ಓದಿ ಬದಿಗಿಟ್ಟೆ. ಬಡ್ಡಿ ಕೊಡುವವರಿಗೆ ಆ ಚಿಂತೆ, ನಮಗೇಕೆ?

ಈಗ ನನ್ನ ತಪ್ಪಿನ ಮೂಲಕ್ಕೆ ಬರಬೇಕು. ಅದು ಶಹಾಬಾದಿನಲ್ಲಿದೆ. ಅಲ್ಲಿ ನಮ್ಮ ತಂದೆ ಹನುಮಂತದೇವರ ಪೂಜೆಗಿದ್ದರು. ಮನೆಗೆ ಬೇಕಾದ ಧೋತರ, ಸೀರೆ, ನಮ್ಮ ಅಂಗಿಯ ಬಟ್ಟೆ ಎಲ್ಲ ಗಫೂರ್ ಸಾಬರ ಅಂಗಡಿಯಿಂದ ಉದ್ರಿ. ಸುಗ್ಗಿಯಲ್ಲಿ ಕಾಳು ಮಾರಿದಾಗ ತಂದೆ ಹೋಗಿ ಲೆಕ್ಕ ತೀರಿಸುತ್ತಿದ್ದರು, ಆದರೆ ಒಂದು ರೂಪಾಯಿ ಬಾಕಿ ಬಿಡುತ್ತಿದ್ದರು. ಕೈಯಲ್ಲಿ ಇಲ್ಲದೆಯಲ್ಲ. "ಪೂರಾ ಚುಕ್ತಾ ಮಾಡಿದ್ರ ಆ ಅಂಗಡಿ ಕಟ್ಟಿ ಇಳಿದಂಗ. ಒಂದ್ ರೂಪಾಯಿ ಇರ್ಲಿ, ಹೋಗಿಬರೋ ದಾರಿ ಇರ್ತದ" ಎನ್ನುತ್ತಿದ್ದರು. ಋಣಾನುಬಂಧ ಎನ್ನುತ್ತಾರಲ್ಲ, ಋಣ ಮೊದಲು, ಬಂಧ ಆಮೇಲೆ. ಆ ಪದವನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ, ಅರ್ಥವಾದದ್ದು ಮಾತ್ರ ಗಫೂರ್ ಸಾಬರಿಂದ. ತಂದೆ ತೀರಿಕೊಂಡ ಮೇಲೆ ಮಾತಾಡಿಸಲು ಬಂದ ಅವರ ಕೈಗೆ ಆ ಒಂದು ರೂಪಾಯಿ ಕೊಡಹೋದೆ. ಅವರು ನನ್ನ ಮುಷ್ಟಿಯನ್ನು ಮಡಚಿದರು. "ಇದನ್ನ ತೊಗೊಂಡ್ರ ನಾಳಿಗಿ ನಾ ಯಾವ ನೆಪದಾಗ ಈ ಮನಿಗಿ ಬರ್ಲಿ ಮಾಸ್ತರ್ ಸಾಬ್?" ಎಂದರು. ಬದುಕಿರುವ ತನಕ ಬಂದರು.

ಇಂಥ ಮನೆಯಲ್ಲಿ ಬೆಳೆದವನು ಕಾರ್ಡಿನ ಬಿಲ್ಲು ಹೇಗೆ ಕಟ್ಟುತ್ತಾನೆ? ಗಡುವಿಗೆ ನಾಲ್ಕು ದಿನ ಮೊದಲೇ ಹೋಗಿ ಮೂವತ್ತೊಂಬತ್ತು ಸಾವಿರದ ಒಂಬೈನೂರು ಕಟ್ಟಿದೆ. ನೂರು ರೂಪಾಯಿ ಬೇಕೆಂತಲೇ ಬಿಟ್ಟೆ. ಅಡಚಣೆ ವಿಚಾರಿಸಿದ ಹುಡುಗಿಯ ಬ್ಯಾಂಕು, ಒಮ್ಮೆಗೇ ಮುಖ ತಿರುಗಿಸಿದಂತೆ ಆಗಬಾರದಲ್ಲ. ಮುಂದಿನ ತಿಂಗಳು ನೂರಕ್ಕೆ ಮೂರೂ ಮುಕ್ಕಾಲು ರೂಪಾಯಿ ಬಡ್ಡಿ ಬಂದರೆ ಬರಲಿ, ಸ್ನೇಹಕ್ಕೆ ಅಷ್ಟಾದರೂ ಖರ್ಚು ಬೇಡವೇ ಎಂದುಕೊಂಡೆ.

ಬಿಲ್ಲು ಬಂತು: ಎರಡು ಸಾವಿರದ ಏಳುನೂರು ಚಿಲ್ಲರೆ. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಬ್ಯಾಂಕಿಗೆ ಓಡಿದೆ.

"ನೂರು ರೂಪಾಯಿ ಬಿಟ್ಟೀರಿ ಸರ" ಎಂದಳು ಅದೇ ಹುಡುಗಿ. "ಒಂದ್ ರೂಪಾಯಿ ಕಮ್ಮಿ ಕಟ್ಟಿದ್ರೂ, ಖರೀದಿ ಮಾಡಿದ ದಿನದಿಂದ ಪೂರಾ ನಲವತ್ತು ಸಾವಿರಕ್ಕ ಬಡ್ಡಿ ಹತ್ತತದ. ಅದ್ರಾಗ ಈಗ ರೇಟ್ ಬ್ಯಾರೆ ಹೆಚ್ಚಾಗ್ಯದ."

"ಕಟ್ಟಿದ ರೊಕ್ಕಕ್ಕೂ ಬಡ್ಡಿ ಏನವಾ?"

"ಹೌದ್ರಿ ಸರ. ರೊಕ್ಕ ಇತ್ತಲ್ಲ, ಯಾಕ್ ಬಿಟ್ರಿ?"

ನಿಮ್ಮ ಸಲುವಾಗಿ ಬಿಟ್ಟೆ ಎನ್ನಲು ನಾಚಿಕೆಯಾಯಿತು. ಮರೆತೆ ಎಂದು ಸುಳ್ಳು ಹೇಳಿದೆ.

ಅಲ್ಲಿಗೇ ಕಟ್ಟಿ ಮುಗಿಸಿದ್ದರೆ ಜಾಣನಾಗುತ್ತಿದ್ದೆ. ಆದರೆ ಅನ್ಯಾಯವೆಂದು ಹಟ ಹಿಡಿದೆ. 'ಮಾನ್ಯರೆ' ಎಂದು ಮೊದಲಿಟ್ಟು ಮೂರು ಪತ್ರ ಬರೆದೆ. ಇಷ್ಟು ಶುದ್ಧ ಕನ್ನಡ ಆ ಕಚೇರಿಯ ಕಸದ ಬುಟ್ಟಿ ಹಿಂದೆ ಕಂಡಿರಲಿಕ್ಕಿಲ್ಲ. ಫೋನು ಮಾಡಿದರೆ ಒಂದು ಒತ್ತಿರಿ, ಎರಡು ಒತ್ತಿರಿ, ನಡುವೆ ವೀಣೆ. ಮನುಷ್ಯರು ಸಿಗುವಷ್ಟರಲ್ಲಿ ನನ್ನ ಸಿಟ್ಟೇ ದಣಿದು ಮಲಗುತ್ತಿತ್ತು. ವೃದ್ಧಿ ಎಂಬ ಸಂಸ್ಕೃತ ಶಬ್ದವೇ ಸವೆದು ಕನ್ನಡದಲ್ಲಿ ಬಡ್ಡಿಯಾಯಿತೆಂದು ಮಕ್ಕಳಿಗೆ ಕಲಿಸಿದವನು ನಾನು. ಸವೆದದ್ದು ಶಬ್ದ ಮಾತ್ರ ಎಂದು ಈಗ ತಿಳಿಯಿತು. ತಡವಾದದ್ದಕ್ಕೆ ದಂಡ, ದಂಡಕ್ಕೆ ತೆರಿಗೆ, ಎಲ್ಲಕ್ಕೂ ಬಡ್ಡಿ ಸೇರಿ ದಸರೆಯ ಹೊತ್ತಿಗೆ ಏಳು ಸಾವಿರ ದಾಟಿತು. ಎಡಗಿವಿಗೆಂದು ಕೂಡಿಸಿದ್ದರಿಂದಲೇ ತೆಗೆದು ಕಟ್ಟಿದೆ, ಈ ಸಲ ಪೈಸೆಯೂ ಬಿಡದೆ. ಅಷ್ಟರಲ್ಲಿ ಮಷೀನಿನ ಬೆಲೆಯೂ ಏರಿತ್ತು. ಮತ್ತೆ ಕೂಡಿಸುವುದರಲ್ಲಿ ಮಳೆಗಾಲ ಬಂತು. ಹೋದ ತಿಂಗಳು ಡಾಕ್ಟರು ಪರೀಕ್ಷೆ ಮಾಡಿ, ಎಡಗಿವಿಗೆ ಈಗ ಹಾಕಿದರೂ ಅಷ್ಟೇನೂ ಕೇಳಿಸಲಿಕ್ಕಿಲ್ಲ ಎಂದರು. ನನ್ನ ಹಟಕ್ಕೆ ಅವಳ ಕಿವಿ ತೆತ್ತೆನಲ್ಲ ಎಂದು ಸೇಡಂ ಬರುವ ತನಕ ಬಸ್ಸಿನಲ್ಲಿ ಹಳಹಳಿಸಿದೆ.

ಕಾರ್ಡು ಮುಚ್ಚಿಸಿದೆ. 'ತಮ್ಮಿಂದ ಏನೂ ಬಾಕಿ ಇಲ್ಲ' ಎಂಬ ಪತ್ರ ಮೊನ್ನೆ ಬಂತು. ನಮ್ಮ ಮನೆತನದಲ್ಲಿ ಇಂಥ ಪತ್ರ ಪಡೆದವನು ನಾನೇ ಮೊದಲಿಗ. ಓದಿದಾಗ ನಿರಾಳವಾಗಲಿಲ್ಲ, ಯಾರೋ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿದಂತಾಯಿತು.

ಚಹಾದ ಹೊತ್ತಿಗೆ ವಿಮಲಾಳ ಬಲಕ್ಕೆ ಕೂತು ಪತ್ರ ತೋರಿಸಿದೆ. "ಎಲ್ಲಾ ತೀರ್ತು. ನಿನ್ನ ಎಡಗಿವಿದೊಂದು ಬಾಕಿ ಉಳೀತು ನೋಡು. ಕೇಳ್ಸೋದು ಕಮ್ಮಿ ಇದ್ರೂ ಹಾಕ್ಸೇ ಹಾಕಸ್ತೀನಿ" ಎಂದೆ.

ಅವಳು ಪತ್ರವನ್ನು ಮಡಚಿ ನನ್ನ ಕೈಗಿಟ್ಟಳು. "ಇರ್ಲಿ ಬಿಡ್ರಿ. ಮೊದ್ಲು ಅಲ್ಲಿಂದ್ಲೇ ಒದರ್ತಿದ್ರಿ. ಅದೊಂದು ಬಾಕಿ ಅದ ಅಂತ ಎದ್ದು ಈ ಕಡಿ ಬಂದು ಕುಂದರ್ತೀರಿ."

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೊರಟವನು, ಅವಳ ಹಿಂದಿನಿಂದ ಹಾಯುವಾಗ, ಅದು ತೀರಿದ ಮೇಲೂ ನಾನು ಆ ಕಡೆಯೇ ಕೂಡುತ್ತೇನೆ ಎಂದೆ. ಆಗ ನಾನು ಅವಳ ಎಡಕ್ಕಿದ್ದೆ. ಅವಳಿಗೆ ಕೇಳಿಸಲಿಲ್ಲ.