ನನ್ನೊಬ್ಬಳ ಪಾಲಿಗೆ ಬಂದದ್ದು

ಮೊದಲ ಸಲ ಅದು ಬಂದದ್ದು ಕಾರ್ಖಾನೆಯಲ್ಲಿ, ಶಾಲಾ ಸಮವಸ್ತ್ರಗಳ ಗುಂಡಿ ಸರಿಯಾಗಿದೆಯೇ ಎಂದು ನೋಡುತ್ತಿದ್ದಾಗ. ಕೆಳಗೆ ಬಿದ್ದ ಕತ್ತರಿ ಎತ್ತಿಕೊಳ್ಳಲು ಬಗ್ಗಿದೆ. ಎದೆ ಒಮ್ಮೆಲೇ ಹೊಡೆದುಕೊಳ್ಳತೊಡಗಿತು, ತಲೆ ಸಿಡಿಯಿತು, ಬೆವರಿಗೆ ರವಿಕೆ ಬೆನ್ನಿಗೆ ಅಂಟಿತು. ಹತ್ತು ನಿಮಿಷದಲ್ಲಿ ಎಲ್ಲ ನಿಂತಿತು, ಮತ್ತೆ ಕೆಲಸಕ್ಕೆ ಕೂತೆ. ಮುಖದಲ್ಲಿ ರಕ್ತವೇ ಇರಲಿಲ್ಲ ಎಂದು ಪಕ್ಕದ ಹೆಂಗಸು ಹೇಳಿದಳು.

ಎರಡು ವರ್ಷ ಹೀಗೇ ನಡೆಯಿತು. ಆಗ ನನಗೆ ಮೂವತ್ತೆಂಟು. ಗಂಡನ ಮನೆ ಬಿಟ್ಟು ಬಂದು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಮರಾಠಿ ಸೀಮೆಯ ಖರಾಡಿಯಲ್ಲಿ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ನಾನು ತೋರಿಸಿಕೊಂಡ ಡಾಕ್ಟರುಗಳಿಗೆ ಇಷ್ಟು ತಿಳಿದರೆ ಸಾಕಾಗುತ್ತಿತ್ತು. ಒಂಟಿ ಹೆಂಗಸು, ಟೆನ್ಶನ್ ಮಾಡಿಕೊಳ್ಳುತ್ತಾಳೆ ಎಂದು ನಿದ್ದೆ ಗುಳಿಗೆ ಬರೆದುಕೊಡುತ್ತಿದ್ದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ನನ್ನ ಹೊಟ್ಟೆ ಒತ್ತಿ ನೋಡುತ್ತಿದ್ದಾಗಲೇ ಅದು ಬಂತು. ಅವರು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಅವರ ದನಿಯೇ ಬೇರೆಯಾಯಿತು.

ಸ್ಕ್ಯಾನಿನಲ್ಲಿ ಸಿಕ್ಕಿದ್ದು ನಿಂಬೆಹಣ್ಣಿನಷ್ಟು ಗಡ್ಡೆ. ಎಡ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಅದು ಬೆಳೆದಿತ್ತು. ಮನುಷ್ಯ ಹೆದರಿದಾಗ ರಕ್ತಕ್ಕೆ ಸೇರುವ ರಸವನ್ನು ಕಾರಣವಿಲ್ಲದೆ ಸುರಿಯುತ್ತಿತ್ತಂತೆ. ಹಾಗಾದರೆ ನಾನು ಹೆದರಿಕೊಂಡಿರಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದೆ. ಇಲ್ಲ ಎಂದರು. ಆ ಒಂದು ಮಾತಿಗೆ ಅಳು ಬಂತು.

ಎರಡು ವಾರ ಬಿ.ಪಿ. ಇಳಿಸುವ ಗುಳಿಗೆ ಕೊಟ್ಟು ಆಪರೇಷನ್ ಮಾಡಿದರು. ಶಿರೂರಿನ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಬಂದು ಎರಡು ದಿನ ಇದ್ದು ಹೋದ. ಅವನು ಹೋದ ಮೇಲೆ ರಿಪೋರ್ಟು ಬಂತು. ಗಡ್ಡೆಯ ಕಣಗಳು ಪಕ್ಕದ ಒಂದು ದುಗ್ಧಗ್ರಂಥಿಗೂ ಹೋಗಿದ್ದವು. ಅಂದರೆ ಕ್ಯಾನ್ಸರ್, ಅದೂ ಅಪರೂಪದ್ದು. ಇಂಥದ್ದು ಕೆಲವೊಮ್ಮೆ ವಂಶದಲ್ಲಿ ಇಳಿದು ಬರುತ್ತದೆ ಎಂದು ರಕ್ತದ ಜೀನ್ ಪರೀಕ್ಷೆಗೂ ಕಳಿಸಿದರು. ದೋಷ ಇತ್ತು. ಅಪ್ಪನಿಂದಲೋ ಅವ್ವನಿಂದಲೋ ಬಂದಿರಬೇಕು, ಹಾಗಿದ್ದರೆ ತಮ್ಮನಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಇದನ್ನೆಲ್ಲ ತಿಳಿಸಿ ಹೇಳಿದವಳು ಆಸ್ಪತ್ರೆಯ ಒಬ್ಬ ಚಿಕ್ಕ ವಯಸ್ಸಿನ ಸಲಹೆಗಾರ್ತಿ. ಕಾಗದದ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ನಮ್ಮ ಮನೆತನದ ನಕ್ಷೆ ಮಾಡಿದಳು. ತೀರಿಕೊಂಡವರ ಮೇಲೆ ಒಂದು ಗೆರೆ. ಅಪ್ಪ ಹೇಗೆ ಹೋದರು ಎಂದು ಕೇಳಿದಳು.

ಅಪ್ಪ ಯಾದಗಿರಿ ಕಡೆಯಿಂದ ಬಂದ ಗೌಂಡಿ. ನನಗೆ ಹನ್ನೊಂದಾಗಿದ್ದಾಗ ಕಟ್ಟುತ್ತಿದ್ದ ಕಟ್ಟಡದ ಮೂರನೇ ಮಹಡಿಯಿಂದ ಬಿದ್ದ. ಕುಡಿದು ಏರಿದ್ದ ಎಂದು ಮೇಸ್ತ್ರಿ ಹೇಳಿದ. ರವಿವಾರಕ್ಕೊಮ್ಮೆ ಕುಡಿಯುವವನೇ ಆದ್ದರಿಂದ ಯಾರೂ ಅಲ್ಲಗಳೆಯಲಿಲ್ಲ. ಅವ್ವ ಸಾಯುವವರೆಗೂ ಅದನ್ನೇ ಹೇಳುತ್ತಿದ್ದಳು. ಸಲಹೆಗಾರ್ತಿ ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಬೇರೆ ಸಂಗತಿ ನೆನಪಾಯಿತು. ಊಟದ ನಡುವೆ ಅಪ್ಪ ಕೈ ತಡೆದು ಕೂರುತ್ತಿದ್ದ, ಮುಖ ಬಿಳಿಚಿಕೊಳ್ಳುತ್ತಿತ್ತು, ಬನಿಯನ್ ಹಿಂಡುವಷ್ಟು ಒದ್ದೆಯಾಗುತ್ತಿತ್ತು. ಅವಳು ಅಪ್ಪನ ಚೌಕದೊಳಗೆ ಪ್ರಶ್ನೆಯ ಚಿಹ್ನೆ ಹಾಕಿದಳು. ಇನ್ನು ಖಚಿತವಾಗಿ ತಿಳಿಯಲು ದಾರಿಯಿಲ್ಲ ಎಂದಳು.

ಮುಂದಿನ ರವಿವಾರ ಶಿರೂರಿಗೆ ಹೋಗಿ ತಮ್ಮನಿಗೆ ಹೇಳಿದೆ. ಅಪ್ಪ ಬಿದ್ದದ್ದು ಕುಡಿದು ಅಲ್ಲ, ಇದೇ ಬಂದು ಇರಬಹುದು ಎಂದೆ. "ಅವ್ವ ಇದ್ದಾಗ ಗೊತ್ತಾಗಬೇಕಿತ್ತು" ಎಂದ. ಅವನೂ ರಕ್ತ ಕೊಡಬೇಕು ಎಂದಾಗ ಮಾತ್ರ ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಅಕ್ಕಾ, ಇದನ್ನ ಯಾರ ಮುಂದೂ ತೆಗೀಬ್ಯಾಡ. ಹುಡುಗಿ ಲಗ್ನದ ಮಾತು ನಡದದ."

ನಿನಗಿದ್ದರೆ ಮಗಳಿಗೂ ಬಂದಿರಬಹುದು, ಅವಳಿಗಾಗಿಯೇ ಹೇಳುತ್ತಿದ್ದೇನೆ ಎಂದೆ. ಅವನಿಗೆ ಕೇಳುವುದು ಬೇಕಿರಲಿಲ್ಲ. ಎಂಟು ತಿಂಗಳು ಅವನ ಫೋನ್ ಬರಲಿಲ್ಲ. ಲಗ್ನದ ಮಾತು ಬೇರೇನೋ ಕಾರಣಕ್ಕೆ ಮುರಿಯಿತೆಂದು ಬೇರೆಯವರಿಂದ ಕೇಳಿದೆ. ನನ್ನಿಂದಲೇ ಆಯಿತೇನೋ ಎಂದು ಒಳಗೇ ಕುದಿದೆ.

ಒಂದು ಬೆಳಿಗ್ಗೆ ಅವನೇ ನನ್ನ ಬಾಗಿಲಲ್ಲಿ ನಿಂತಿದ್ದ.

"ಎದಿ ಸ್ವಲ್ಪ ಹೊಡಕೊಂಡ್ರೂ ನೀನೇ ನೆನಪಾಗ್ತಿ. ನಡಿ, ರಕ್ತ ಕೊಟ್ಟು ಬರೋಣು."

ಫಲಿತಾಂಶಕ್ಕೆ ಐದು ವಾರ ಹಿಡಿಯಿತು. ಆ ಐದು ವಾರ ಅವನು ದಿನಾ ಫೋನ್ ಮಾಡಿದ. ಊಟ ಆಯಿತೇ, ಗುಳಿಗೆ ತಗೊಂಡೆಯಾ ಎಂದು ಕೇಳುತ್ತಿದ್ದ. ಮಾತು ಮುಗಿದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ನಾವು ಚಿಕ್ಕವರಿದ್ದಾಗ ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ಒಂದೇ ಕೌದಿಯಲ್ಲಿ ಮಲಗುತ್ತಿದ್ದ ದಿನಗಳ ನಂತರ ಅವನು ನನಗೆ ಇಷ್ಟು ಹತ್ತಿರ ಬಂದಿರಲಿಲ್ಲ.

ಫಲಿತಾಂಶದ ದಿನ ಇಬ್ಬರೂ ಸಲಹೆಗಾರ್ತಿಯ ಎದುರು ಕೂತೆವು. ಅವಳು ಲಕೋಟೆ ತೆರೆಯುವಾಗ, ಒಂದು ಉಸಿರಿನಷ್ಟು ಹೊತ್ತು, ಅವನಿಗೂ ಇರಲಿ ಎಂದು ನನ್ನ ಮನಸ್ಸು ಬಯಸಿತು. ಇದನ್ನು ಯಾರಿಗೂ ಹೇಳಿಲ್ಲ. ಅವನಿಗೆ ಇರಲಿಲ್ಲ. ಆದ್ದರಿಂದ ಅವನ ಮಗಳಿಗೂ ಅದು ಬಂದಿರುವುದಿಲ್ಲ ಎಂದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಅವನ ಬೆನ್ನು ಸವರಿದೆ. ನನಗೆ ನಿಜಕ್ಕೂ ಸಂತೋಷವಾಗಿತ್ತು, ನಾಚಿಕೆಯೂ ಆಗಿತ್ತು. ಹೊರಗೆ ಬಂದವನೇ ಹೆಂಡತಿಗೆ ಫೋನ್ ಹಚ್ಚಿದ. ನಾನು ಸ್ವಲ್ಪ ದೂರ ಹೋಗಿ ನಿಂತೆ.

ಆಮೇಲೆ ದಿನದ ಫೋನ್ ವಾರಕ್ಕೊಮ್ಮೆ ಆಯಿತು, ನಂತರ ಹಬ್ಬಕ್ಕೊಮ್ಮೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಮಗಳ ಮದುವೆಯಾಯಿತು, ಬಾರಾಮತಿಗೆ ಕೊಟ್ಟರು. ನಾನೂ ಹೋಗಿ ಎರಡು ದಿನ ಬಡಿಸಿ ಬಂದೆ. ಬೀಗರ ಕಡೆಯವರಿಗೆ ನನ್ನ ಆಪರೇಷನ್ ಪಿತ್ತಕೋಶದ್ದೆಂದು ಹೇಳಿಯಾಗಿತ್ತು. ನಾನೂ ಹಾಗೇ ಹೇಳಿದೆ.

ವರ್ಷಕ್ಕೊಮ್ಮೆ ಸ್ಕ್ಯಾನ್ ಆಗಬೇಕು, ಜೀವ ಇರುವವರೆಗೂ. ಈ ವರ್ಷದ್ದು ಹೋದ ತಿಂಗಳು ಆಯಿತು. ಎಲ್ಲೂ ಏನೂ ಇಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿದೆ. ಪಾಳಿಯಲ್ಲಿದ್ದನೇನೋ, ಎತ್ತಲಿಲ್ಲ. ಏನೂ ಇಲ್ಲವಂತೆ ಎಂದು ಮೆಸೇಜು ಹಾಕಿದೆ. ಎದುರಿನ ಗಾಡಿಯಲ್ಲಿ ಸಾಬೂದಾಣಿ ಖಿಚಡಿ ತಿಂದೆ, ಖರಾಡಿಯ ಬಸ್ಸು ಹತ್ತಿದೆ, ಅರ್ಧ ದಿನದ ಕೆಲಸಕ್ಕೆ ಹಾಜರಾದೆ. ಸಂಜೆ ಅವನ ಮೆಸೇಜು ಬಂತು, "ಛಲೋ ಆತು."