ಹಲ್ಲಿದ್ದ ಗಡ್ಡೆ

ನಡೆಯುವಾಗ ನನ್ನ ಬಲತೊಡೆಯ ಒಳಭಾಗ ಚಳಕ್ಕೆಂದು ಹಿಡಿದುಕೊಳ್ಳುತ್ತಿತ್ತು. ಅರೆಕೆರೆಯ ನಮ್ಮ ಕಟ್ಟಡದಲ್ಲಿ ಕೆಳಗೆಲ್ಲ ಬಾಡಿಗೆಯವರು, ಮೇಲಿನ ಮಹಡಿಯಲ್ಲಿ ನಾವು. ಮೆಟ್ಟಿಲ ನಡುವೆ ನಿಂತುಬಿಟ್ಟರೆ ನನ್ನ ಗಂಡ, "ಶುರುವಾಯ್ತಾ ನಾಟಕ?" ಅನ್ನುತ್ತಿದ್ದರು. ಮೂಳೆ ಡಾಕ್ಟರು ಎಕ್ಸ್-ರೇ ನೋಡಿ ಏನೂ ಇಲ್ಲ ಅಂದಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ನಾದಿನಿಯ ಮಗುವಿನ ನಾಮಕರಣದ ದಿನ ಊಟವಾದ ಮೇಲೆ, ನಾನು ಕುಂಟುವುದು ಹೇಗೆ ಅಂತ ಹಾಲ್ ತುಂಬ ನಡೆದು ತೋರಿಸಿದರು. ನಾದಿನಿ, ಚಿಕ್ಕತ್ತೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ತಾಂಬೂಲ ಹಂಚುತ್ತಿದ್ದೆ. ಹಂಚುತ್ತಲೇ ಇದ್ದೆ.

ಕಿಬ್ಬೊಟ್ಟೆಯಲ್ಲೂ ನೋವು ಶುರುವಾದಾಗ ಯಾರಿಗೂ ಹೇಳದೆ ಜಯನಗರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಸ್ಕ್ಯಾನ್ ಮಾಡಿ ಹೇಳಿದರು: "ತೊಂದರೆ ತೊಡೆಯಲ್ಲಿಲ್ಲಮ್ಮ. ಒಳಗೆ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ತಗ್ಗಿರುತ್ತೆ, ಅಂಡಾಶಯ ಕೂರೋದು ಅಲ್ಲಿ. ಒಳತೊಡೆಗೆ ಹೋಗೋ ನರ ಅದರ ಹಿಂದೇನೇ ಇದೆ. ಅಂಡಾಶಯದಲ್ಲಿ ಗಡ್ಡೆ ಬೆಳೆದು ಆ ನರವನ್ನ ಒತ್ತುತ್ತಿದೆ."

ಕಣ್ಣಲ್ಲಿ ನೀರು ಬಂತು. "ಹೆದರಬೇಡಿ, ಕ್ಯಾನ್ಸರ್ ಥರ ಕಾಣ್ತಿಲ್ಲ. ಆಪರೇಷನ್ ಮಾಡಿ ತೆಗೆದುಬಿಡೋಣ," ಅಂದರು. ನನಗೆ ಹೆದರಿಕೆಯೇ ಇರಲಿಲ್ಲ. "ಮೇಡಂ, ಆಪರೇಷನ್ನಿನ ವಿಡಿಯೋ ಸಿಗುತ್ತಾ?" ಅಂತ ಕೇಳಿದೆ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾದಿನಿ, ಚಿಕ್ಕತ್ತೆ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಕಾಫಿ ಕೊಟ್ಟು ಟಿವಿಗೆ ಪೆನ್‌ಡ್ರೈವ್ ಹಾಕಿದೆ.

"ಮಧ್ಯದಲ್ಲಿರೋದು ಗರ್ಭಕೋಶ. ಹುಳದ ಥರ ಮಿಸುಕಾಡ್ತಿದೆಯಲ್ಲ, ಅದು ಮೂತ್ರನಾಳ. ಪಕ್ಕದಲ್ಲಿ ಮಿಡೀತಿರೋದು ಕಾಲಿಗೆ ಹೋಗೋ ದೊಡ್ಡ ರಕ್ತನಾಳ. ಇವೆಲ್ಲದರ ನಡುವೆ ಕೂತಿದೆ ನೋಡಿ, ನನ್ನ ನಾಟಕ."

ಚಿಕ್ಕತ್ತೆ ಲೋಟ ಕೆಳಗಿಟ್ಟರು. ಗಂಡ ಎದ್ದರು.

"ಕೂತ್ಕೊಳ್ಳಿ. ಇನ್ನೂ ಹಲ್ಲು ಬಂದಿಲ್ಲ."

ಗಡ್ಡೆ ಸೀಳಿದಾಗ ಬೆಣ್ಣೆಯಂಥ ಕೊಬ್ಬು ಹೊರಬಂತು, ಆಮೇಲೆ ಕೂದಲ ಉಂಡೆ, ಅದರಲ್ಲಿ ಸಿಕ್ಕಿಕೊಂಡಿದ್ದ ಒಂದು ಬಿಳೀ ಹಲ್ಲು. ಇಂಥ ಗಡ್ಡೆಗಳಲ್ಲಿ ಇವೆಲ್ಲ ಬೆಳೆಯುತ್ತವಂತೆ. ಗಂಡ ಬಾತ್‌ರೂಮಿಗೆ ಓಡಿದರು. ವಾಂತಿ ಮಾಡುವ ಸದ್ದು ಹಾಲ್‌ವರೆಗೂ ಕೇಳಿಸಿತು. ನಾದಿನಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಕನಿಕರ ಬರಲಿಲ್ಲ. ಹೊಲಿಗೆ ಎಳೆಯುತ್ತಿದ್ದರೂ ಹಾಯಾಗಿತ್ತು.

ಮಾರನೇ ದಿನ ಗಂಡ, "ಎಲ್ಲರ ಮುಂದೆ ಹಾಗೆ ಮಾಡ್ಬೇಕಿತ್ತಾ?" ಅಂದರು.

"ಬೇಕಿತ್ತು," ಅಂದೆ.

ತಪ್ಪಾಯಿತು ಅನ್ನುತ್ತಾರೇನೋ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅನ್ನಲಿಲ್ಲ. ಈಗ ನನಗೆ ನೋವಿಲ್ಲ. ಆದರೆ ಮನೆಗೆ ಯಾರಾದರೂ ಬರುತ್ತಾರೆಂದರೆ ಗಂಡನ ಕಣ್ಣು ಟಿವಿ ಕಡೆ ಹೋಗುತ್ತದೆ. ಹೋಗಲಿ. ನನಗಿನ್ನೂ ಸಾಕೆನಿಸಿಲ್ಲ.