ಟೆನೆಂಟಿಗೆಂದು ಮೆಟ್ಟಿಲಲ್ಲಿಟ್ಟ ಡಬ್ಬಿ

ಬೇಸ್‌ಮೆಂಟಿನ ಹುಡುಗಿಗೆ ನಾನು ಹೊಸಕ್ಕಿ ಊಟ ಕೊಟ್ಟದ್ದಲ್ಲ, ನಾಯಿಗೆ ಹಾಕಿದ ಹಾಗೆ ಹಾಕಿದ್ದು. ಬೇಕೂಂತ ಮಾಡಿದ್ದಲ್ಲ ಎಂದು ಮಗಳು ನನ್ನ ಪರವಾಗಿ ಹೇಳುತ್ತಾಳೆ. ಬೇಕೂಂತಲೇ ಮಾಡಿದ್ದು.

ನಮ್ಮ ತುಳುನಾಡಿನಲ್ಲಿ ಹೊಸ ಅಕ್ಕಿಯ ಅನ್ನ ಉಣ್ಣುವ ದಿನ ಮನೆಯವರೆಲ್ಲ ಒಟ್ಟಿಗೆ ಕೂರಬೇಕು. ತುತ್ತು ಬಾಯಿಗಿಡುವ ಮೊದಲು "ಹೊಸತು ಉಣ್ಣುತ್ತೇನೆ" ಎಂದು ಹತ್ತಿರದವರನ್ನೆಲ್ಲ ಕೇಳಬೇಕು, ಅವರು "ಉಣ್ಣು" ಅನ್ನಬೇಕು. ಈ ಪರದೇಶದ ಸ್ಟ್ರೀಟ್ಸ್‌ವಿಲ್ಲಿನಲ್ಲಿ ಎಲ್ಲಿಯ ಗದ್ದೆ, ಎಲ್ಲಿಯ ತೆನೆ? ಸೋನಾಮಸೂರಿಯ ಹೊಸ ಚೀಲ ಒಡೆದರೆ ಅದೇ ಹೊಸಕ್ಕಿ. ಆ ಭಾನುವಾರ ಹಾಗೆ ಚೀಲ ಒಡೆದು, ಹರಿವೆ ಪದಾರ್ಥ, ಪಾಯಸ ಎಲ್ಲ ಮಾಡಿದ್ದೆ.

ಎಲೆ ಹಾಕುವಾಗ ಬೇಸ್‌ಮೆಂಟಿನ ಬಾಗಿಲು ತಟ್ಟಿದ ಶಬ್ದ ಕೇಳಿತು. ಹಾವೇರಿ ಕಡೆಯ ಹುಡುಗಿ, ಕೆಳಗೆ ಬಾಡಿಗೆಗಿದ್ದು, ಇಲ್ಲಿ ಕಾಲೇಜು ಓದಿಕೊಂಡು ಕಾಫಿ ಅಂಗಡಿಯಲ್ಲಿ ಶಿಫ್ಟು ಮಾಡುತ್ತಾಳೆ. ಬಟ್ಟೆ ಒಗೆಯುವ ಮಷಿನ್ ಖಾಲಿ ಉಂಟಾ ಎಂದು ಕೇಳಲು ಬಂದದ್ದು. ಎಲೆಗಳನ್ನು ನೋಡಿ, ಏನು ಹಬ್ಬವೆಂದು ಕೇಳಿದಳು. ನಾನು ಮಷಿನ್ ಖಾಲಿ ಉಂಟು ಎಂದಷ್ಟೇ ಹೇಳಿದೆ. ನಾವು ಉಂಡಾದ ಮೇಲೆ ಸ್ಟೀಲಿನ ಡಬ್ಬಿಗೆ ತುಂಬಿ, ಮೇಲಿನ ಮೆಟ್ಟಿಲಲ್ಲಿಟ್ಟು, ಕೆಳಗೆ ಕೂಗಿ ಹೇಳಿ ಬಾಗಿಲು ಹಾಕಿದೆ.

ಕೈಗೆ ಯಾಕೆ ಕೊಡಲಿಲ್ಲ ಎಂದು ಮೊಮ್ಮಗಳು ಕೇಳಿದಳು.

"ಅವಳು ಟೆನೆಂಟ್ ಅಲ್ವಾ" ಎಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷು ಬಾರದು, ಆದರೆ ಈ ಶಬ್ದ ಗೊತ್ತು. ಮೊದಲು ನಾರ್ತ್ ಯಾರ್ಕಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದಾಗ ಲಿಫ್ಟಿನಲ್ಲಿ ಟೆನೆಂಟುಗಳಿಗೆ ಎಂದು ಚೀಟಿ ಅಂಟಿಸುತ್ತಿದ್ದರು, ಮಗಳು ಓದಿ ಹೇಳುತ್ತಿದ್ದಳು. ಆಗ ಟೆನೆಂಟ್ ಎಂದರೆ ನಾವೇ, ಪಕ್ಕದ ಮನೆಯ ಡಾಕ್ಟರೂ ಟೆನೆಂಟೇ. ಸ್ವಂತ ಮನೆ ಆದ ಮೇಲೆ ಆ ಶಬ್ದವನ್ನು ಕೆಳಗೆ ಬೇಸ್‌ಮೆಂಟಿಗೆ ಇಳಿಸಿದವಳು ನಾನು.

ಮೊಮ್ಮಗಳು ಫೋನ್ ಒತ್ತಿ ನೋಡಿದಳು. ಫ್ರೆಂಚಿನಿಂದ ಬಂದ ಹಳೇ ಶಬ್ದವಂತೆ. ಹಿಡಿದುಕೊಂಡವರು ಎಂದು ಅರ್ಥವಂತೆ. ಹಿಂದೆ ಅಲ್ಲಿಯೂ ಧಣಿಯ ಭೂಮಿ ಹಿಡಿದು ಬೇಸಾಯ ಮಾಡುವವರನ್ನು ಹಾಗೆ ಹೇಳುತ್ತಿದ್ದರಂತೆ.

"ಅಂದ್ರೆ ಒಕ್ಕಲು" ಎಂದಳು ಮಗಳು, ನನ್ನ ಮುಖ ನೋಡದೆ.

ನಾವು ಒಕ್ಕಲಿನವರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಅಪ್ಪ ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮದಾಗುವವರೆಗೆ ಧಣಿಗಳ ಗದ್ದೆಯೇ ಮಾಡಿದ್ದು. ಅವರ ಹೊಸಕ್ಕಿ ಊಟಕ್ಕೆ ಅಕ್ಕಿ ನಮ್ಮ ಬೆನ್ನಿನ ಮೇಲೆ ಹೋಗುತ್ತಿತ್ತು. ಅವರೆಲ್ಲ ಉಂಡ ಮೇಲೆ ಧಣಿಗಳ ಹೆಂಡತಿ ನಮ್ಮ ಪಾಲನ್ನು ಜಗಲಿಯ ಅಂಚಿಗಿಟ್ಟು ಒಳಗೆ ಹೋಗುವರು. ಅಮ್ಮ ಅವರು ಹೋಗುವ ತನಕ ಕಾದು ಎತ್ತಿಕೊಳ್ಳುತ್ತಿದ್ದಳು. ಆ ಇಡುವ ರೀತಿಯನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೇನೆ ನೋಡಿ. ಕೈ ಸಹ ಹಾಗೆಯೇ ಬಗ್ಗಿತು.

ಸಂಜೆ ಡಬ್ಬಿ ವಾಪಸು ಬಂದಿತ್ತು, ತೊಳೆದು, ಅದೇ ಮೆಟ್ಟಿಲಲ್ಲಿ. ಬಾಗಿಲು ತಟ್ಟಿರಲಿಲ್ಲ. ಖಾಲಿ ಪಾತ್ರೆ ಹಿಂದೆ ಕೊಡಬಾರದೆಂದು ಒಳಗೆ ಶೇಂಗಾ ಚಟ್ನಿಪುಡಿ ಹಾಕಿದ್ದಳು. ಅವಳ ಅಮ್ಮ ಊರಿಂದ ಕಳಿಸಿದ್ದಿರಬೇಕು. ಅದನ್ನು ಬಗ್ಗಿ ಎತ್ತಿಕೊಳ್ಳುವಾಗ ಮಗಳು ನೋಡುತ್ತಿದ್ದಳು. ನನಗೆ ಎಲ್ಲಿಗಾದರೂ ಹೋಗಿ ಸಾಯುವ ಅನ್ನಿಸಿತು. ಸಾಯಲಿಲ್ಲ, ಅದೇ ಚೀಲದ ಅಕ್ಕಿ ನೆನೆಹಾಕಿದೆ.

ಮರುದಿನ ಬೆಳಿಗ್ಗೆ ನೀರುದೋಸೆಗೆ ಅರೆದು, ಹಿಟ್ಟಿನ ಪಾತ್ರೆ, ಕಾವಲಿ, ಚಟ್ನಿಪುಡಿ ಹಿಡಿದು ಬೇಸ್‌ಮೆಂಟಿಗೆ ಇಳಿದೆ. ಹುಡುಗಿ ಹೆದರಿ, ಏನಾರ ತಪ್ಪಾತೇನ್ರಿ ಎಂದು ಕೇಳಿದಳು. ತಪ್ಪಾದದ್ದು ನನ್ನಿಂದ ಎಂದು ಹೇಳಿ ಅವಳ ಒಲೆಯ ಮೇಲೇ ದೋಸೆ ಹೊಯ್ದೆ. ಮೊದಲನೆಯದನ್ನು ಅವಳ ಕೈಗೆ ಕೊಟ್ಟೆ. ಆಮೇಲೆ ನನ್ನದನ್ನು ಹಿಡಿದು ಅವಳೆದುರು ಕೂತು ಕೇಳಿದೆ, "ಹೊಸತು ಉಣ್ಣುತ್ತೇನೆ ಮಗಾ."

ಅವಳಿಗೆ ಕ್ರಮ ಎಲ್ಲಿ ಗೊತ್ತು.

"ಉಣ್ರಿ ಅಜ್ಜಿ," ಎಂದಳು, "ಅದಕ್ಯಾಕ ಕೇಳ್ತೀರಿ, ಆರಿ ಹೊಕ್ಕೈತಿ."